ಘನೀಮಾಳ ಆಡುಗಳು ತಿಂದ ಬೇಲಿ

ಘನೀಮಾಳ ಮುಂದೆ ಕ್ಷಮೆ ಎಂಬ ಮಾತು ಎತ್ತಬೇಡಿ. ನಮ್ಮ ಮಸೀದಿಯ ಇಮಾಮರು ಒಮ್ಮೆ ಎತ್ತಿದ್ದರು. "ನಿಮ್ಮ ಅಕ್ಕ ಸುಟ್ಟು ಸತ್ತಿದ್ಲಾ ಇಮಾಮರೇ?" ಎಂದು ಕೇಳಿದಳು. ಇಲ್ಲ ಎಂದರು. "ಹಂಗಾದ್ರೆ ನಮಾಜ್ ಮಾಡ್ಸಿ ಸಾಕು, ನನ್ನ ಸಿಟ್ಟಿನ ತಂಟೆಗೆ ಬರ್ಬೇಡಿ" ಎಂದು ಎದ್ದುಹೋದಳು. ಅರವತ್ತೆರಡು ವರ್ಷದ ಹೆಂಗಸು, ಎತ್ತರದಲ್ಲಿ ನನ್ನ ಭುಜಕ್ಕೂ ಬರುವುದಿಲ್ಲ. ಆದರೂ ಅವಳು ಬೀದಿಗಿಳಿದರೆ ನಮ್ಮ ಗುಡ್ಡದೂರು ಇಘಿಲ್‌ನ ಗಂಡಸರೆಲ್ಲ ಕಾಫಿ ಲೋಟದೊಳಗೆ ಮುಖ ಹುದುಗಿಸುತ್ತೇವೆ. ಸುಮ್ಮಸುಮ್ಮನೆ ಅಲ್ಲ, ಕಾರಣ ಇದೆ.

ನನ್ನ ಹೆಸರು ಮೆಜಿಯಾನ್. ಊರ ಸಭೆ ಕೂಡುವಾಗ ಮನೆಮನೆಯ ಬಾಗಿಲು ಬಡಿದು ಗಂಡಸರನ್ನು ಕರೆಯುವ ಕೆಲಸ ನನ್ನದು. ಹಾಗಾಗಿ ಸಭೆಯಲ್ಲಿ ಯಾರು ಏನಂದರು, ಯಾರು ಬಾಯಿ ಮುಚ್ಚಿಕೊಂಡು ಕೂತರು ಎಲ್ಲ ನನಗೆ ಗೊತ್ತು. ನನ್ನದೂ ಗೊತ್ತು.

ಘನೀಮಾ ಹದಿನೇಳಕ್ಕೆ ಮದುವೆಯಾಗಿ, ಇಪ್ಪತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು, ಕೆಳಕೇರಿಯ ತವರುಮನೆಗೆ ವಾಪಸ್ ಬಂದವಳು. ಅಲ್ಲಿ ಅಕ್ಕ ತಾವುಸ್ ಒಬ್ಬಳೇ ಇದ್ದಳು. ತಾವುಸಳ ಎಡಗಾಲು ಹುಟ್ಟಿನಿಂದಲೇ ಸೊಟ್ಟ, ಮದುವೆಯ ಮಾತೇ ಬರಲಿಲ್ಲ. ಅಕ್ಕ ಮಗ್ಗದ ಮುಂದೆ ಕೂತು ಕಂಬಳಿ ನೇಯುವಳು, ತಂಗಿ ಆಡು ಮೇಯಿಸುವಳು. ತಂಗಿ ಊರಿನವರ ಮೇಲೆಲ್ಲ ರೇಗಿ ಬಂದರೆ ಅಕ್ಕ ಬಾರ್ಲಿ ರೊಟ್ಟಿ, ಆಲಿವ್ ಎಣ್ಣೆ ಮುಂದಿಟ್ಟು "ಮೊದಲು ತಿನ್ನು, ಆಮೇಲೆ ಜಗಳ ಆಡೋಣ" ಅನ್ನುವಳು. ಮೂವತ್ತು ಚಿಲ್ಲರೆ ವರ್ಷ ಹೀಗೇ ನಡೆಯಿತು.

ಆಗೆಲ್ಲ ಊರಿನ ಆಡುಗಳದ್ದು ಒಂದೇ ಮಂದೆ. ಇವತ್ತು ಈ ಮನೆಯ ಸರದಿ, ನಾಳೆ ಪಕ್ಕದ ಮನೆಯದು. ಬಡವ ಬಲ್ಲಿದ ಅಂತಿಲ್ಲ, ಸರದಿ ಬಂದರೆ ಕೋಲು ಹಿಡಿಯಲೇಬೇಕು. ಆಡುಗಳು ಊರ ಸುತ್ತಿನ ಮುಳ್ಳು, ಕುರುಚಲು, ಒಣಹುಲ್ಲು ಎಲ್ಲವನ್ನೂ ನೆಲಮಟ್ಟಕ್ಕೆ ಮೇಯ್ದುಬಿಡುತ್ತಿದ್ದವು. ಕಾಡಿನಲ್ಲಿ ಬೆಂಕಿ ಬಿದ್ದರೂ ಮನೆಗಳ ಹತ್ತಿರ ಬರಲು ಅದಕ್ಕೆ ದಾರಿಯೇ ಇರುತ್ತಿರಲಿಲ್ಲ. ನಮ್ಮನ್ನು ಕಾಯುತ್ತಿದ್ದದ್ದು ಆಡುಗಳು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಬೆಲೈದ್ ಬಂದ. ಮೂವತ್ತು ವರ್ಷ ಫ್ರಾನ್ಸಿನ ಕಾರ್ಖಾನೆಯಲ್ಲಿ ದುಡಿದು, ಪೆನ್ಷನ್ ಹಿಡಿದು ಬಂದು ಮೂರಂತಸ್ತಿನ ಮನೆ ಕಟ್ಟಿದ. ಕಟ್ಟಲಿ, ಯಾರು ಬೇಡ ಅಂದರು? ಆದರೆ ಕೆಳಕೇರಿಯಿಂದ ರಸ್ತೆಗೆ ಹತ್ತುವ ಒಂದೇ ಒಂದು ಕಾಲುದಾರಿ ಅವನ ಅಂಗಳದ ಪಕ್ಕದಲ್ಲೇ ಹೋಗುತ್ತದೆ. ದಾರಿಹೋಕರ ಕಣ್ಣು ತನ್ನ ಅಂಗಳಕ್ಕೆ ಬೀಳಬಾರದೆಂದು ಅವನು ದಾರಿಯುದ್ದಕ್ಕೂ ಸೈಪ್ರೆಸ್ ಗಿಡಗಳ ಬೇಲಿ ನೆಟ್ಟ. ಆಡುಗಳು ಬಾಯಿ ಹಾಕಿದವು. ಬೆಲೈದ್ ಸಭೆಗೆ ಬಂದು ಎದ್ದು ನಿಂತ.

"ಇನ್ನೂ ಆಡು ಕಾಯ್ಕೊಂಡಿರೋಕೆ ನಾವೇನು ಗುಹೆಯಲ್ಲಿರೋರಾ? ಪಟ್ಟಣದಿಂದ ನೆಂಟರು ಬಂದ್ರೆ ಮೂಗು ಮುಚ್ಕೋತಾರೆ. ಊರೊಳಗೆ ಆಡೇ ಬೇಡ ಅಂತ ಕಟ್ಟು ಮಾಡಿ."

ಮೂವತ್ತೊಂದು ಕೈ ಮೇಲೆದ್ದವು. ಅದರಲ್ಲಿ ಒಂದು ನನ್ನದು. ಸರದಿ ತಪ್ಪುತ್ತದಲ್ಲ ಎಂಬ ಸೋಮಾರಿತನ, ಬೇರೇನೂ ಅಲ್ಲ. ನಮ್ಮ ಸಭೆಯಲ್ಲಿ ಹೆಂಗಸರು ಕೂರುವುದಿಲ್ಲ. ಘನೀಮಾ ಹೊರಗೆ ನಿಂತು ಬಾಗಿಲಿಂದಲೇ ಕೂಗಿದಳು, "ಆಡು ಹೋದ್ಮೇಲೆ ಆ ಮುಳ್ಳನ್ನೆಲ್ಲ ಯಾರ್ರೋ ಮೇಯೋದು? ನೀವು ಮೇಯ್ತೀರಾ?" ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಡುಗಳನ್ನೆಲ್ಲ ಸಂತೆಯಲ್ಲಿ ಮಾರಿದೆವು. ಮೂರು ವರ್ಷದಲ್ಲಿ ಪೊದೆ ಭುಜದೆತ್ತರ ಬೆಳೆಯಿತು. ಬೆಲೈದನ ಬೇಲಿ ಎರಡಾಳೆತ್ತರವಾಯಿತು, ಹೊರಗೆ ಹಸಿರು, ಒಳಗೆಲ್ಲ ಒಣಕಡ್ಡಿ. ಐದು ವರ್ಷದ ಹಿಂದೆ ಆಗಸ್ಟಿನಲ್ಲಿ, ನಡುಮಧ್ಯಾಹ್ನ, ಮರುಭೂಮಿಯ ಕಡೆಯ ಬಿಸಿಗಾಳಿ ಬೀಸುತ್ತಿದ್ದಾಗ ಕಣಿವೆಯಿಂದ ಬೆಂಕಿ ಎದ್ದಿತು. ಘನೀಮಾ ಅಂಜೂರ ಮಾರಲು ಸಂತೆಗೆ ಹೋಗಿದ್ದಳು. ಕೆಳಕೇರಿಯ ನಾವೆಲ್ಲ ಆ ಕಾಲುದಾರಿ ಹಿಡಿದು ಓಡಿದೆವು. ನನ್ನ ಬೆನ್ನ ಮೇಲೆ ನನ್ನ ತಂದೆ. ತಾವುಸ್ ದಾರಿಯ ಇನ್ನೊಂದು ಬದಿಯ ಗೋಡೆ ಹಿಡಿದುಕೊಂಡು ಕಾಲೆಳೆಯುತ್ತ ಹತ್ತುತ್ತಿದ್ದಳು. "ಬೇಗ ಬಾ ಅಕ್ಕಾ" ಎಂದು ಕೂಗಿ ಅವಳನ್ನು ದಾಟಿ ಹೋದೆ. ನಾನು ರಸ್ತೆ ಮುಟ್ಟುವಷ್ಟರಲ್ಲಿ ಪೊದೆಯ ಬೆಂಕಿ ಬೇಲಿಗೆ ಹತ್ತಿತು. ಎಣ್ಣೆ ಕುಡಿದ ಬತ್ತಿಯ ಹಾಗೆ ಈ ತುದಿಯಿಂದ ಆ ತುದಿಗೆ ಭಗ್ಗೆಂದಿತು. ದಾರಿಯಲ್ಲಿ ಉಳಿದಿದ್ದವಳು ತಾವುಸ್ ಒಬ್ಬಳೇ.

ಅವಳ ಎದೆಯ ಬೆಳ್ಳಿಯ ಪಿನ್ನು ನೋಡಿ ಗುರುತು ಹಿಡಿದೆವು. ಹೊಗೆಗೆ ಕಪ್ಪಾಗಿದ್ದ ಆ ಪಿನ್ನನ್ನೇ ಘನೀಮಾ ಇವತ್ತಿಗೂ ಚುಚ್ಚಿಕೊಳ್ಳುತ್ತಾಳೆ. ಒಂದು ದಿನವೂ ಉಜ್ಜಿಲ್ಲ. ಬೆಲೈದನ ಮನೆಯೋ, ಕಿಟಕಿಯ ಪ್ಲಾಸ್ಟಿಕ್ ಪರದೆ ಕರಗಿದ್ದು ಬಿಟ್ಟರೆ ಗಟ್ಟಿಮುಟ್ಟಾಗಿ ನಿಂತಿತ್ತು.

ಅಕ್ಕ ಸತ್ತ ನಲವತ್ತನೆಯ ದಿನ ಕಳೆದ ಮೇಲೆ ಘನೀಮಾ ಸಭೆಯ ಹೊಸ್ತಿಲು ದಾಟಿ ಒಳಗೆ ಬಂದಳು. ಹೆಂಗಸೊಬ್ಬಳು ಒಳಗೆ ಕಾಲಿಟ್ಟದ್ದು ಅದೇ ಮೊದಲು. ತಡೆಯುವ ಧೈರ್ಯ ಯಾರಿಗಿತ್ತು?

"ಬೆಲೈದ್, ಎಲ್ಲರ ಮುಂದೆ ಒಂದೇ ಒಂದ್ ಮಾತು ಹೇಳು. ತಾವುಸ್ ಸತ್ತಿದ್ದು ನನ್ನ ಬೇಲಿಯಿಂದ ಅಂತ. ಅಷ್ಟೇ. ನಂಗೆ ಬೇರೆ ಏನೂ ಬೇಡ."

ಬೆಲೈದ್ ಕಣ್ಣೊರೆಸಿಕೊಂಡ. "ಎಲ್ಲಾ ಅಲ್ಲಾಹ್ ಬರೆದಿದ್ದು, ತಂಗೀ. ನಮ್ಮ ಕೈಲೇನಿದೆ?"

"ಸೈಪ್ರೆಸ್ ನೆಟ್ಟಿದ್ದು ಅಲ್ಲಾಹ್‌ನಾ, ನೀನಾ?"

ಹಿರಿಯರು ಅವಳನ್ನೇ ಸಮಾಧಾನ ಮಾಡಲು ಹೋದರು. ಸತ್ತವಳು ವಾಪಸ್ ಬರುತ್ತಾಳೆಯೇ, ಊರಿನ ಮಾನ ಏನಾಗಬೇಕು, ಇದೇ ಬೆಣ್ಣೆ ಮಾತು. ಘನೀಮಾ ಬೆಲೈದನ ಹತ್ತಿರ ಹೋಗಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಹೇಳೋವರೆಗೂ ಬಿಡಲ್ಲ. ನೀನು ಸಾಯೋಕ್ ಮುಂಚೆ ನಿನ್ನ ಬಾಯಿಂದಲೇ ಹೇಳಿಸ್ತೀನಿ."

ಮುಂದಿನ ವಸಂತದಲ್ಲಿ ಆ ಮಹಾನುಭಾವ ಏನು ಮಾಡಿದ ಗೊತ್ತೇ? ಅದೇ ಜಾಗದಲ್ಲಿ, ತಾವುಸ್ ಸತ್ತ ದಾರಿಯುದ್ದಕ್ಕೂ, ಮತ್ತೆ ಸೈಪ್ರೆಸ್ ಸಸಿ ನೆಟ್ಟ! ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಮಾರನೆಯ ವಾರ ಘನೀಮಾ ಪಟ್ಟಣದಿಂದ ನಾಲ್ಕು ಆಡು ಹೊಡೆದುಕೊಂಡು ಬಂದಳು. ಕಟ್ಟು ಮುರಿಯಬೇಡ ಎಂದು ಹೇಳಲು ಸಭೆ ನನ್ನನ್ನು ಕಳಿಸಿತು.

"ಹೋಗಿ ಹೇಳು ನಿಮ್ಮ ಸಭೆಗೆ," ಎಂದಳು, ಹಾಲು ಕರೆಯುತ್ತ, ತಲೆಯೆತ್ತದೆ. "ಕೈ ಎತ್ತಿದ ಮೂವತ್ತೊಂದು ಜನಾನೂ ಬಂದು ಇವನ್ನ ಹಿಡ್ಕೊಂಡ್ ಹೋಗ್ಲಿ. ನೀನೇ ಮೊದಲು ಹಿಡಿ. ಏನ್ ನೋಡ್ತಿದ್ದೀಯ? ಹಿಡಿಯೋ!"

ನಾನು ಬರಿಗೈಲಿ ವಾಪಸ್ ಬಂದೆ. ಬೇರೆ ಯಾರೂ ಹೋಗಲಿಲ್ಲ. ಆಮೇಲೆ ನೀರಿನ ಚಿಲುಮೆಯ ಹತ್ತಿರ ಹೆಂಗಸರು ಏನು ಮಾತಾಡಿಕೊಂಡರೋ, ಬೇಸಿಗೆ ಮುಗಿಯುವುದರೊಳಗೆ ನನ್ನ ಹೆಂಡತಿಯೂ ಸೇರಿ ಹದಿನಾಲ್ಕು ಮನೆಯವರು ಆಡು ತಂದರು. ಸರದಿ ಮತ್ತೆ ಶುರುವಾಯಿತು, ಈ ಸಲ ಹೆಂಗಸರದ್ದು. ಸರದಿ ಯಾರದೇ ಇರಲಿ, ಘನೀಮಾ ಜೊತೆಗಿರುತ್ತಿದ್ದಳು. ಮಂದೆ ಮೊದಲು ಹೋಗುತ್ತಿದ್ದದ್ದು ಬೆಲೈದನ ಬೇಲಿಗೆ. ಅವನು ತಂತಿ ಕಟ್ಟಿದ, ಆಡುಗಳು ತಂತಿಯೊಳಗೆ ಕತ್ತು ತೂರಿಸಿದವು. ಮಾಳಿಗೆಯಿಂದ ಚಪ್ಪಲಿ ಎಸೆದ, ಅದನ್ನೂ ಒಂದು ಹೋತ ಅಗಿದು ಉಗಿಯಿತು. ಮೂರು ಸಲ ನೆಟ್ಟ, ಮೂರು ಸಲವೂ ಮೋಟು ಕಡ್ಡಿ ಉಳಿಯಿತು.

"ನನ್ನ ಮನೆ ಬೋಳು ಮಾಡ್ಬಿಟ್ಟೆಯಲ್ಲೇ!" ಎಂದು ಬೊಬ್ಬೆ ಹೊಡೆದ.

"ನೀನು ನನ್ನ ಮನೆ ಖಾಲಿ ಮಾಡ್ದೆ. ಹೇಳ್ತೀಯೋ ಇಲ್ವೋ?"

"ಅಲ್ಲಾಹ್ ಬರೆದಿದ್ದು!"

"ಹಂಗಾದ್ರೆ ಇದನ್ನೂ ಅವನೇ ಬರೆದಿದ್ದು ಅಂದ್ಕೋ" ಎಂದು ಆಡಿನ ಬೆನ್ನು ತಟ್ಟುತ್ತಿದ್ದಳು.

ಉಳಿದವರನ್ನೂ ಬಿಡಲಿಲ್ಲ. ಪ್ರತಿ ಜೂನ್‌ನಲ್ಲಿ ಮನೆಮನೆ ಸುತ್ತುವಳು. ಗೋಡೆಗೊರಗಿಸಿದ ಸೌದೆ ಕಂಡರೆ ಕಾಲಿಂದ ಒದ್ದು ಕೆಡವುವಳು. ಸೂರಿನಲ್ಲಿ ಒಣಎಲೆ ಕಂಡರೆ ಯಜಮಾನನನ್ನೇ ಏಣಿ ಹತ್ತಿಸುವಳು. ಮನೆಯ ಸುತ್ತ ಹತ್ತು ಹೆಜ್ಜೆ ಅಳೆದು, ಅದರೊಳಗೆ ಒಂದು ಒಣಹುಲ್ಲು ಸಿಕ್ಕರೂ ಕಿತ್ತು ಅವನ ಜೇಬಿಗೇ ತುರುಕುವಳು. "ಮೂವತ್ತೊಂದರಲ್ಲಿ ನೀನೂ ಒಬ್ಬ, ಮರೆತಿಲ್ಲ" ಅನ್ನುವಳು. ನನ್ನ ಜೇಬಿಗೂ ತುರುಕಿದ್ದಾಳೆ.

ಹೋದ ಆಗಸ್ಟಿನಲ್ಲಿ ಬೆಂಕಿ ಮತ್ತೆ ಬಂತು. ಅದೇ ಕಣಿವೆ, ಅದೇ ಬಿಸಿಗಾಳಿ. ಹೆಂಗಸರು ಮಕ್ಕಳನ್ನೂ ಆಡುಗಳನ್ನೂ ಶಾಲೆಯ ಬಯಲಿಗೆ ಹೊಡೆದುಕೊಂಡು ಹೋದರು. ಬೆಲೈದ್ ಮಾತ್ರ ಮನೆಯೊಳಗೇ ಉಳಿದ. ಮಂಡಿ ಬಿದ್ದುಹೋಗಿದ್ದವು, ಎತ್ತಿಕೊಂಡು ಹೋಗುತ್ತೇವೆಂದರೆ ಹಟ. ಬೆಂಕಿ ಬಡಿದು ಆರಿಸಲು ನಾವು ಹಸಿಕೊಂಬೆ ಮುರಿದು ಹಿಡಿದು ನಿಂತೆವು. ಮರದೆತ್ತರದ ಬೆಂಕಿ ಮೇಯ್ದ ನೆಲದ ಅಂಚಿಗೆ ಬಂದು ಕುಸಿದು, ಮೊಣಕಾಲುದ್ದವಾಗಿ, ತೆವಳತೊಡಗಿತು. ಆದರೆ ಗಾಳಿಗೆ ಕಿಡಿಗಳು ಹಾರಿ ಬೆಲೈದನ ಅಂಗಳದ ಕಡೆಗೇ ಬೀಳುತ್ತಿದ್ದವು. ಅಲ್ಲಿ ಒಬ್ಬಳೇ ಬಡಿಯುತ್ತ ನಿಂತಿದ್ದವಳು ಘನೀಮಾ. ಮುಖವೆಲ್ಲ ಮಸಿ, ತಲೆವಸ್ತ್ರದ ಅಂಚು ಸುಟ್ಟಿತ್ತು.

"ನಿಂಗ್ಯಾಕೆ ಇದು? ಸಾಯ್ತೀಯ, ನಡಿ ಮೇಲಕ್ಕೆ," ಎಂದು ಅವಳ ರಟ್ಟೆ ಹಿಡಿದು ಎಳೆದೆ. "ಅವನ ಮನೆ ತಾನೇ? ಹೋದ್ರೆ ಹೋಗ್ಲಿ!"

"ಮುಚ್ಚೋ ಬಾಯಿ!" ಎಂದು ಕೈ ಕೊಡವಿದಳು. "ಅವನು ಸತ್ರೆ ಹೇಳೋರು ಯಾರು? ಅವನ ಬಾಯಿ ನಂಗೆ ಬೇಕು. ಬಡಿ!"

ಬಡಿದೆವು. ಅವನ ಬಾಗಿಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೆಂಕಿ ಆರಿತು. ಇಘಿಲ್‌ನಲ್ಲಿ ಒಂದು ಮನೆಯೂ ಸುಡಲಿಲ್ಲ, ಒಂದು ಜೀವವೂ ಹೋಗಲಿಲ್ಲ.

ಆ ಶುಕ್ರವಾರ ಬೆಲೈದ್ ತಾನೇ ಸಭೆ ಕರೆಸಿದ. ನಾನು ಬಾಗಿಲು ಬಡಿಯುತ್ತ ಘನೀಮಾಳ ಬಾಗಿಲನ್ನೂ ಬಡಿದೆ. ಅವಳು ಬಂದು ನಡುವೆ ನಿಂತಳು. ಬೆಲೈದ್ ಕೋಲೂರಿಕೊಂಡು ಎದ್ದ. ಹೊರಗೆ ಅವಳಿಗೆಂದು ಒಂದು ಟಗರು ತಂದು ಕಟ್ಟಿಸಿದ್ದ.

"ಈ ತಾಯಿ ಇಲ್ದಿದ್ರೆ ನಾನಿವತ್ತು ಬೂದಿಯಾಗಿರ್ತಿದ್ದೆ. ಇವಳ ಆಡುಗಳು ಇಲ್ದಿದ್ರೆ..."

"ಟಗರು ವಾಪಸ್ ಹೊಡ್ಕೊಂಡ್ ಹೋಗು," ಎಂದಳು ಘನೀಮಾ. "ನಿನ್ನ ಉಳಿಸೋಕೆ ಆಡು ಸಾಕ್ಲಿಲ್ಲ ನಾನು. ಹೇಳು."

ಬೆಲೈದ್ ನಮ್ಮ ಕಡೆ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. "ಬೇಲಿ ಇಲ್ದೇ ಇದ್ದಿದ್ದಕ್ಕೆ ನಾನು ಉಳ್ಕೊಂಡೆ," ಎಂದ ಮೆಲ್ಲಗೆ. "ಬೇಲಿ ಇದ್ದಿದ್ದಕ್ಕೆ ಅವಳು ಸತ್ಲು. ನನ್ನ ಬೇಲಿ. ನಾನು ನೆಟ್ಟಿದ್ದು."

"ಯಾರು ಸತ್ಲು?"

"ತಾವುಸ್."

"ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ."

"ತಾವುಸ್!" ಎಂದು ಮುದುಕ ಕೂಗಿ, ಕುಸಿದು ಕೂತ.

ಮುಗಿಯಿತೆಂದುಕೊಂಡೆ. ಅವಳು ಅಳುತ್ತಾಳೆ, ಮನೆಗೆ ಹೋಗುತ್ತಾಳೆ, ನಾವೂ ಎದ್ದು ಕಾಫಿ ಕುಡಿಯುತ್ತೇವೆ ಎಂದು. ಅವಳು ಅಳಲಿಲ್ಲ. ಅವನಿಗೆ ಬೆನ್ನು ಮಾಡಿ ನಮ್ಮತ್ತ ತಿರುಗಿದಳು.

"ಇವನೊಬ್ಬನೇ ಕಟ್ಟು ಮಾಡ್ಲಿಲ್ಲ. ಅವತ್ತು ಯಾರ್ಯಾರು ಕೈ ಎತ್ತಿದ್ರೋ, ಈಗ ಎತ್ತಿ."

ಮೊದಲು ನಾನೇ ಎತ್ತಿದೆ. ಆಮೇಲೆ ಒಂದೊಂದಾಗಿ ಉಳಿದವು. ಸತ್ತ ಇಬ್ಬರನ್ನು ಬಿಟ್ಟು ಎಲ್ಲರೂ ಎತ್ತಿದರು. ಘನೀಮಾ ಅವಸರವಿಲ್ಲದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಕೂತಿದ್ದ ನನ್ನ ಮುಂದೆ ನಿಂತಾಗ ಅವಳೆದೆಯ ಕಪ್ಪು ಪಿನ್ನು ನನ್ನ ಕಣ್ಣಿಗೆ ನೇರವಾಗಿತ್ತು.

"ನಾನು ಹೇಳೋವರೆಗೂ ಯಾರೂ ಇಳಿಸ್ಬೇಡಿ" ಎಂದು ಹೇಳಿ, ಆಡು ಬಿಚ್ಚಲು ಹೊರಟುಹೋದಳು.

ಮಂದೆಯ ಗಂಟೆಯ ಸದ್ದು ಕೆಳಕೇರಿ ದಾಟಿ ಕಣಿವೆಗಿಳಿಯಿತು. ನಮ್ಮ ರಟ್ಟೆಗಳು ನೋಯುತ್ತಿದ್ದವು. ಯಾರೂ ಕೈ ಇಳಿಸಲಿಲ್ಲ.