ಹಿರಿಯರಿಗೆ ಚೀರಲು ಕಲಿಸುವ ಜೋಹರಾಬಿ

ಬೆಳಗಿನ ಆರು ಗಂಟೆ. ಸಿಂದಗಿಯ ಸಣ್ಣ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಆಯಾ ಜೋಹರಾಬಿ, ಮೋರಟಗಿಯಿಂದ ಬಂದ ಶೆಟ್ಟೆವ್ವನ ತೊಡೆ ಚಿವುಟುತ್ತಿದ್ದಾರೆ.

"ಚೀರ್ರಿ ಆಯಿ."

"ಯಾಕ ಚೀರ್ಲಿ? ಇರುವಿ ಕಡದಂಗ ಐತಿ."

ಇನ್ನೂ ಜೋರಾಗಿ ಚಿವುಟುತ್ತಾರೆ. ಎಪ್ಪತ್ತೆರಡರ ಶೆಟ್ಟೆವ್ವ ತುಟಿ ಬಿಗಿಹಿಡಿದು ಗೋಡೆ ನೋಡುತ್ತಾರೆ. "ಆರು ಹಡದೇನಿ. ಒಂದಕ್ಕೂ ಬಾಯಿ ತಗದಾಕಿ ಅಲ್ಲ ನಾ."

"ನಮ್ಮತ್ತಿ ಮಂದಿ ಮ್ಯಾಲ ಚೀರೂದ ಬಲ್ಲಳ್ರಿ, ತನಗ ಬ್ಯಾನಿ ಆದ್ರ ಬಾಯಿ ಬಿಡಂಗಿಲ್ಲ" ಎಂದು ಸೊಸೆ ರೇಣುಕಾ ಕೌದಿ ಮಡಚುತ್ತ ನಗುತ್ತಾರೆ.

ಜೋಹರಾಬಿ ನಗುವುದಿಲ್ಲ. ಇನ್ನು ಮೂರು ತಾಸಿಗೆ ಶೆಟ್ಟೆವ್ವನ ಬೆನ್ನಿನ ಆಪರೇಷನ್. ಆಗಲೂ ಅವರು ಹೀಗೇ ಬಾಯಿ ಮುಚ್ಚಿಕೊಂಡರೆ ಕಾಲಿನ ನರಕ್ಕೆ ಪೆಟ್ಟಾಗಬಹುದು.

ಶೆಟ್ಟೆವ್ವನದು ವಿಚಿತ್ರ ಬೇನೆ. ಹೊಲದಲ್ಲಿ ಬಾಗಿ ಕಸ ತೆಗೆಯುವಾಗ ಏನೂ ಇಲ್ಲ. ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿದು ಕೂರಲೇಬೇಕು. ಮನೆಯವರು ಎರಡು ವರ್ಷ ಇದನ್ನು ನೆಪ ಎಂದೇ ತಿಳಿದಿದ್ದರು. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗಿದ್ದು, ಸೊಂಟದ ಹತ್ತಿರ ಬೆನ್ನುಹುರಿಯ ದಾರಿ ವಯಸ್ಸಿಗೆ ಕಿರಿದಾಗಿ ನರಗಳು ಅಮುಕಿಕೊಂಡಿವೆ; ಬಾಗಿದಾಗಷ್ಟೇ ಆ ದಾರಿ ತುಸು ಬಿಚ್ಚಿಕೊಳ್ಳುತ್ತದೆ.

ಪ್ರತಿ ಗುರುವಾರ ಬರುವ ಡಾಕ್ಟರ್ ಪರಮಾನಂದ ಬೆನ್ನು ಅಗಲವಾಗಿ ಕೊಯ್ಯುವುದಿಲ್ಲ. ಉಗುರಿನಗಲದ ತೂತಿನಿಂದ ಪೆನ್ಸಿಲ್ ದಪ್ಪದ ನಳಿಗೆ ಇಳಿಸಿ, ಅದರ ತುದಿಯ ಕ್ಯಾಮರಾ ತೋರಿಸುವುದನ್ನು ಟಿವಿಯಲ್ಲಿ ನೋಡುತ್ತ ದಾರಿ ಬಿಡಿಸುತ್ತಾರೆ. ವಯಸ್ಸಾದವರಿಗೆ ಪೂರ್ತಿ ಅರಿವಳಿಕೆ ಬೇಡವೆಂದು ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ರೋಗಿ ಎಚ್ಚರವಿರುತ್ತಾರೆ. ನಳಿಗೆ ನರಕ್ಕೆ ತಾಗಿದರೆ ಕಾಲಿಗೆ ಬೇನೆ ಹರಿಯುತ್ತದೆ. ಅದನ್ನು ರೋಗಿಯೇ ಹೇಳಬೇಕು.

ಆದರೆ ಈ ಕಡೆಯ ಹಿರಿಯರು ಹೇಳುವುದಿಲ್ಲ. "ದೊಡ್ಡ ಮನುಷ್ಯಾರು ನಮ್ಮ ಸಲುವಾಗಿ ನಿಂತಾರ, ಮ್ಯಾಲ ನಂದೊಂದು ಕಿರಿಕಿರಿ ಯಾಕಂತ ಹಲ್ಲು ಕಚ್ಚಿ ಬೀಳ್ತಾರ್ರಿ" ಎನ್ನುತ್ತಾರೆ ಜೋಹರಾಬಿ.

ನಾಲತವಾಡದಲ್ಲಿ ಹುಟ್ಟಿ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು ಇವರು. ಗಂಡ ತೀರಿಕೊಂಡ ಮೇಲೆ ಇಲ್ಲಿ ನೆಲ ಒರೆಸಲು ಸೇರಿ ಹದಿನಾಲ್ಕು ವರ್ಷ. ನಾಲ್ಕು ವರ್ಷದ ಹಿಂದೆ ಒಬ್ಬ ಅಜ್ಜ ಆಪರೇಷನ್ ಟೇಬಲ್ ಮೇಲೆ ಬೋರಲು ಮಲಗಿ "ಆರಾಮ ಐತ್ರಿ" ಎನ್ನುತ್ತಿದ್ದಾಗ, ಬಟ್ಟೆಯ ಕೆಳಗೆ ಅವನ ಕಾಲ್ಬೆರಳು ಮಡಚಿಕೊಂಡಿದ್ದನ್ನು ಇವರು ಕಂಡು ಕೂಗಿದರು. ಅಂದಿನಿಂದ ರೋಗಿಯ ತಲೆಯ ಬಳಿ ಕೂರುವುದು ಇವರ ಕೆಲಸ. ಗುರುವಾರಕ್ಕೆ ಎರಡು ಅಥವಾ ಮೂರು ಆಪರೇಷನ್, ಒಂದೊಂದಕ್ಕೂ ತಾಸಿನ ಮೇಲೆ. ಸಂಬಳದ ಪಟ್ಟಿಯಲ್ಲಿ ಈ ಕೆಲಸಕ್ಕೆ ಹೆಸರಿಲ್ಲ.

ಒಂಬತ್ತೂವರೆ. ಶೆಟ್ಟೆವ್ವ ಬೋರಲು ಮಲಗಿದ್ದಾರೆ. ಅವರ ಕೈ ಜೋಹರಾಬಿಯ ಅಂಗೈಯಲ್ಲಿದೆ. ಎಮ್ಮೆಯ ಸುದ್ದಿ, ಸೊಸೆಯ ಸುದ್ದಿ ನಡೆದಿದೆ. ನಡುವೆ ಒಮ್ಮೆಲೇ ಶೆಟ್ಟೆವ್ವನ ಮಾತು ನಿಲ್ಲುತ್ತದೆ.

"ಕಾಲಿಗೇನರ ಆತೇನಮ್ಮ?" ಡಾಕ್ಟರ್ ಕೇಳುತ್ತಾರೆ.

"ಇಲ್ರಿ ಸಾಹೇಬ್ರ, ಆರಾಮ."

ಅಜ್ಜಿಯ ಬೆರಳು ಉಕ್ಕಿನಂತೆ ಬಿಗಿದಿದೆ. "ತಡೀರಿ ಸಾಹೇಬ್ರ!" ಜೋಹರಾಬಿ ದನಿ ಏರಿಸುತ್ತಾರೆ. "ಆಯಿ ಸುಳ್ಳ ಹೇಳಾಕತ್ತಾಳ."

"ಏ, ನೀ ಸುಮ್ಮ ಕೂಡ!"

"ಕೂಡಂಗಿಲ್ಲ. ಯಾ ಕಾಲು? ಹೇಳ್ರಿ."

ಡಾಕ್ಟರ ಕೈ ನಿಂತಿದೆ. ಕೊನೆಗೆ ದಿಂಬಿನೊಳಗಿಂದ ಸಣ್ಣ ದನಿ ಬರುತ್ತದೆ: "ಎಡಗಾಲು... ಹಿಮ್ಮಡೀತನಕ ಬೆಂಕಿ ಹರದಂಗ ಆಗಾಕತ್ತೈತಿ ಯವ್ವಾ."

ನಳಿಗೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಬೆರಳುಗಳು ಸಡಿಲಾಗುತ್ತವೆ. "ಈಗ?" "ಈಗ ಇಲ್ಲ. ಖರೇನ ಇಲ್ಲ."

ಮಧ್ಯಾಹ್ನ ಇಳಿಹೊತ್ತು. ಜೋಹರಾಬಿ ಓಣಿಯಂಥ ವರಾಂಡದ ತುದಿಯಲ್ಲಿ ಬಟ್ಟೆ ಹಿಂಡುತ್ತಿದ್ದಾರೆ. ಸೊಸೆಯ ಹೆಗಲು ಹಿಡಿದು ಹೊರಟ ಶೆಟ್ಟೆವ್ವ ಅರ್ಧ ದಾರಿಗೆ ಆ ಕೈಯನ್ನೂ ಬಿಡಿಸಿಕೊಂಡು ಬಂದು ಎದುರು ನಿಲ್ಲುತ್ತಾರೆ.

"ಮಮ್ಮಗನ ವಯಸ್ಸಿನ ಡಾಕ್ಟರನ ಮುಂದ ನನ್ನ ಸುಳ್ಳಿ ಅಂದೆಲ್ಲಬೇ! ಆರು ಹಡದಾಕಿಗೆ ಮರ್ಯಾದಿ ಬ್ಯಾಡೇನ?"

ಬೈಗುಳ ಸಾಕಷ್ಟು ಹೊತ್ತು ನಡೆಯುತ್ತದೆ. ಜೋಹರಾಬಿ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ಅಜ್ಜಿ ತಿರುಗಿ ಹೋದ ಮೇಲೆ, ಬೇಜಾರಾಯಿತೇ ಎಂದು ಕೇಳಿದರೆ, ಅಜ್ಜಿಯ ಬೆನ್ನನ್ನೇ ನೋಡುತ್ತ ಹೇಳುತ್ತಾರೆ:

"ಬೈಲಿ ಬಿಡ್ರಿ. ಬೈಯಾಕ ಇಲ್ಲೀತನಕ ನೆಟ್ಟಗ ನಡಕೋಂತ ಬಂದಾಳಲ್ಲ."