ಭಾವನ ಕೀಲಿಗೆ ಬಗ್ಗದ ಸರ್ವರ್

"ಇನ್ನು ಮೇಲೆ ಇದು ಪಾಸ್‌ವರ್ಡ್ ಕೇಳಲ್ಲ" ಎಂದು ನಮ್ಮ ಭಾವ ಲ್ಯಾಬಿನ ಅಷ್ಟೂ ಜನರ ಮುಂದೆ ಎಂಟರ್ ಒತ್ತಿದರು. ಗೋಡೆಯ ದೊಡ್ಡ ಪರದೆಯ ಮೇಲೆ ಸರ್ವರ್ ಪಾಸ್‌ವರ್ಡ್ ಕೇಳಿತು. ಹಿಂದೆ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಭಾವನಿಗೂ ಗೊತ್ತಾಯಿತು.

ಈ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ರಿಪೋರ್ಟ್ ಟೈಪ್ ಮಾಡುವವನು, ಅವರು ಕಂಪ್ಯೂಟರ್ ಕಾಯುವವರು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಬಂದು, ಊರಾಚೆಯ ಸರ್ವರಿಗೆ ಪಾಸ್‌ವರ್ಡ್ ಹೊಡೆದು, ಹಿಂದಿನ ದಿನದ ರಿಪೋರ್ಟುಗಳನ್ನು ಕಳಿಸುವುದು ಅವರ ನಿತ್ಯಕರ್ಮ. ರಜೆ ಎಂದರೇನೆಂದು ನಿಘಂಟು ನೋಡಬೇಕು. ಅಕ್ಕ ಆ ಸರ್ವರನ್ನು ಕರೆಯುವುದೇ 'ನನ್ನ ಸವತಿ' ಎಂದು.

"ಅದು ತಾನಾಗೇ ಕಳಿಸೋ ಹಾಗೆ ಮಾಡಿ, ಹತ್ತು ದಿನ ರಜೆ ತಗೊಳ್ಳಿ. ಇವತ್ತು ಐದರೊಳಗೆ ಆಗ್ಬೇಕು" ಎಂದಿದ್ದರು ಮ್ಯಾನೇಜರು. ಸಮುದ್ರ ನೋಡಲು ಅಕ್ಕ ಸೂಟ್‌ಕೇಸ್ ತುಂಬಿಟ್ಟು ಕೂತಿದ್ದಳು.

ಉಪಾಯವೇನೋ ಸರಳ, ಜೋಡಿ ಕೀಲಿ. ಒಂದರ್ಧ ಇಲ್ಲಿನ ಕಂಪ್ಯೂಟರಿನಲ್ಲಿ, ಇನ್ನೊಂದರ್ಧ ಸರ್ವರಿನಲ್ಲಿರುವ ಭಾವನ ಫೋಲ್ಡರಿನಲ್ಲಿ. ಎರಡೂ ಹೊಂದಿದರೆ ಪಾಸ್‌ವರ್ಡಿಲ್ಲದೆ ಪ್ರವೇಶ. ಭಾವ ಮೂರು ಸಲ ಹೊಸ ಕೀಲಿ ಮಾಡಿದರು. ಕೇಬಲ್ಲನ್ನು ಬೈದರು, ಕೀಬೋರ್ಡನ್ನು ಗುದ್ದಿದರು.

"ಯಾವನೋ ಕೈಯಾಡಿಸಿದ್ದಾನೆ ಇದರಲ್ಲಿ. ಸಿಗಲಿ, ಗ್ರಹಚಾರ ಬಿಡಿಸ್ತೀನಿ."

"ಭಾವ, ಯಾಕೆ ಬಿಡ್ತಿಲ್ಲ ಅಂತ ಸರ್ವರ್ ತನ್ನ ದಿನಚರಿ ಲಾಗಲ್ಲಿ ಬರೆದಿರತ್ತಂತಲ್ಲ, ಓದಿದ್ರಾ?"

"ನಿಮ್ಮಕ್ಕ ಹೇಳೋದೇ ಸಾಕಾಗಿದೆ ನಂಗೆ. ಇದರ ಹತ್ರಾನೂ ಹೇಳಿಸ್ಕೋಬೇಕಾ?"

ನಾಲ್ಕೂವರೆಗೆ ಹಲ್ಲು ಕಡಿಯುತ್ತ ಓದಿದರು. ಯಾರು ಬೇಕಾದರೂ ಬರೆಯಬಹುದಾದ ಫೋಲ್ಡರಿನಲ್ಲಿಟ್ಟ ಕೀಲಿಯನ್ನು ನಂಬಲಾರೆ ಎಂದು ಸರ್ವರ್ ಬೆಳಗಿನಿಂದ ಬರೆದುಕೊಂಡೇ ಕೂತಿತ್ತು. ಬೀಗರೆಲ್ಲ ಒಳಗೇ ಓಡಾಡುವ ಮನೆಗೆ ಬೀಗವೇಕೆ ಎಂಬ ನ್ಯಾಯ.

ಭಾವನಿಗೆ ನೆನಪಾಯಿತು, ನನಗೂ ನೆನಪಾಯಿತು. ಹೋದ ವಾರ 'ಆ ಫೈಲ್ ಕೊಡಿ, ಈ ಫೈಲ್ ಕೊಡಿ' ಎಂಬ ಕಾಟಕ್ಕೆ ರೇಗಿ, "ನುಗ್ಗಿ ಎಲ್ರೂ, ಏನು ಬೇಕಾದ್ರೂ ಮಾಡ್ಕೊಳ್ಳಿ" ಎಂದು ಆ ಫೋಲ್ಡರನ್ನು ಇಡೀ ಲ್ಯಾಬಿಗೆ ತೆರೆದಿಟ್ಟವರು ಇವರೇ.

ತೆರೆದದ್ದನ್ನು ಸದ್ದಿಲ್ಲದೆ ಮುಚ್ಚಿ ಎಂಟರ್ ಒತ್ತಿದರು. ಸರ್ವರ್ ತುಟಿಪಿಟಕ್ಕೆನ್ನದೆ ಒಳಗೆ ಬಿಟ್ಟಿತು.

ಮ್ಯಾನೇಜರು ಬಂದು ನೋಡಿದರು, ಕಾರಣ ಕೇಳಿದರು. ಫೋಲ್ಡರ್ ತೆರೆದಿತ್ತು ಎಂದಷ್ಟೇ ಭಾವ ಹೇಳಿದರು. ಈಗ ಸಿಟ್ಟಿನ ಸರದಿ ಅವರದು.

"ನಿಮ್ಮ ಕೂಗಾಟಕ್ಕೆ ಹೆದರಿ ರಕ್ತ ಕೊಡೋಕೆ ಬಂದವರೂ ಎದ್ದು ಹೋದ್ರಲ್ರೀ. ಫೋಲ್ಡರ್ ತೆರೆದಿಟ್ಟೋನು ಯಾರು? ಹೇಳಿ, ಈ ವರ್ಷ ಅವನಿಗೆ ರಜೆಯೇ ಇಲ್ಲ."

ಭಾವ ಜೇಬಿನಿಂದ ನಾಲ್ಕಾಗಿ ಮಡಚಿದ ರಜಾ ಅರ್ಜಿ ತೆಗೆದು ಮೇಜಿನ ಮೇಲೆ ಬಿಡಿಸಿದರು.

"ಮೊದ್ಲು ಇದಕ್ಕೊಂದು ಸಹಿ ಹಾಕಿ ಸಾರ್. ಆಮೇಲೆ ಹೇಳ್ತೀನಿ."