ಎಷ್ಟು ಮೇಯಿಸಿದರೂ ಕೊಬ್ಬದ ಕುದುರೆ

ಜೂರಾಕನ್‌ಗೆ ಎದೆಯ ಕ್ಯಾನ್ಸರ್ ಎಂದು ಬಿಷ್ಕೆಕ್‌ನ ಡಾಕ್ಟರು ಹೇಳಿದ ವಾರದಲ್ಲೇ ಅವಳ ಮೈದುನ ಸಾಪಾರ್ಬೇಕ್ ಒಂದು ಹೆಣ್ಣು ಕುದುರೆ ಕೊಂಡು ತಂದ. ಕೊಚ್ಕೋರ್ ಕಡೆ ಹೆಂಗಸು ಸತ್ತರೆ ಹೆಣ್ಣು ಕುದುರೆ ಕಡಿದು ಬಂದವರಿಗೆ ಬಡಿಸಬೇಕು. ಬಡಕಲು ಕುದುರೆ ಕಡಿದರೆ ಏಳು ತಲೆಮಾರು ಆಡಿಕೊಳ್ಳುತ್ತಾರೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಹೊಣೆಯೆಲ್ಲ ತನ್ನದೇ ಎನ್ನುತ್ತಿದ್ದ ಸಾಪಾರ್ಬೇಕ್, ನುಡಿದಂತೆ ನಡೆಯುವ ಮನುಷ್ಯ. ಚಿಕಿತ್ಸೆ ಶುರುವಾಗುವ ಮೊದಲೇ ಸಾವಿನ ಊಟಕ್ಕೆ ಏರ್ಪಾಡು ಮಾಡಿದ.

ತೊಡಕು ಒಂದೇ. ಕುದುರೆಯ ಮೈ ಸವರಿ ಕೊಬ್ಬು ಇಷ್ಟೇ ಬೆರಳು ದಪ್ಪ ಎಂದು ಕರಾರುವಾಕ್ಕಾಗಿ ಹೇಳಬಲ್ಲವರು ಸುತ್ತಲ ಊರುಗಳಲ್ಲಿ ಒಬ್ಬರೇ ಇದ್ದರು. ಅದೂ ಜೂರಾಕನ್.

"ಅತ್ತಿಗೆ, ಸ್ವಲ್ಪ ಮುಟ್ಟಿ ನೋಡ್ತೀರಾ? ಯಾರದೋ ಮದುವೆಗೆ ಕೇಳಿದಾರೆ."

"ಯಾವತ್ತಂತೆ ಮದುವೆ?"

"ಅದು... ದಿನ ಇನ್ನೂ ಗೊತ್ತಾಗಿಲ್ಲ."

"ದಿನಾನೇ ಗೊತ್ತಿಲ್ದಿರೋ ಮದುವೆ! ಪಾಪ, ಮದುಮಗಳಿಗಾದ್ರೂ ವಿಷಯ ತಿಳಿಸಿದಾರಾ?" ಅವಳು ಪಕ್ಕೆ ಸವರಿ, ಕತ್ತಿನ ಮೇಲಿನ ಅಯಾಲಿನ ಕೂದಲ ಕೆಳಗೆ ಕೈ ತೂರಿಸಿದಳು. "ಬರೀ ಮೂಳೆ. ಎರಡು ತಿಂಗಳು ಬಾರ್ಲಿ ಹಾಕು."

ಪಕ್ಕದಲ್ಲಿ ನಿಂತಿದ್ದ ಸಾಪಾರ್ಬೇಕನ ಮಗಳು ಮೇರಿಮ್‌ಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನಿಸಿತು.

ಬಿಷ್ಕೆಕ್‌ಗೆ ದೊಡ್ಡಮ್ಮನ ಜೊತೆ ಹೋಗಿಬರುವ ಕೆಲಸ ಮೇರಿಮ್‌ಳದೇ. ಇಂಜೆಕ್ಷನ್ ಮುಗಿಸಿ ಬರುವಾಗ ಕಣಿವೆಯ ತಿರುವುಗಳಲ್ಲಿ ಜೂರಾಕನ್ ಪ್ಲಾಸ್ಟಿಕ್ ಚೀಲಕ್ಕೆ ವಾಂತಿ ಮಾಡುತ್ತಿದ್ದಳು. ಬಾಯಿ ಒರೆಸಿಕೊಂಡು ಸಿಗರೇಟು ಸೇದುವ ಡ್ರೈವರನಿಗೆ ಬೈದು, ಇನ್ನೊಂದು ಚೀಲ ಕೇಳುತ್ತಿದ್ದಳು. ಕೂದಲು ಉದುರಿದಾಗ ಅತ್ತದ್ದು ಮೇರಿಮ್.

"ಸುಮ್ನಿರೆ. ಈ ರುಮಾಲಿನ ಕೆಳಗೆ ಏನಿದೆ ಅಂತ ನೋಡ್ತಿದ್ದೋರು ನಿಮ್ಮ ದೊಡ್ಡಪ್ಪ ಒಬ್ರೇ. ಅವರೇನೂ ಈಗ ತಕರಾರು ಮಾಡಲ್ಲ."

ನೆಂಟರೂ ಕೈಕಟ್ಟಿ ಕೂರಲಿಲ್ಲ. ಬಂದವರು ಮೊದಲು ಅವಳ ಎದೆ ನೋಡಿ, ಆಮೇಲೆ ಮುಖ ನೋಡಿ, ಕಡೆಗೆ ಕರವಸ್ತ್ರ ಹುಡುಕುತ್ತಿದ್ದರು. ಕಾಡುಪ್ರಾಣಿಯ ಕೊಬ್ಬನ್ನು ಸೀಸೆಯಲ್ಲಿ ತಂದು, ಇದನ್ನು ಕುಡಿದು ಎದ್ದು ಕೂತ ಯಾರದೋ ಕಥೆ ಹೇಳಿ, ರೋಗಿಯ ಕೈಯಲ್ಲೇ ಮೂರು ಸುತ್ತು ಚಹಾ ಮಾಡಿಸಿಕೊಂಡು, ಅವಳಿಂದಲೇ ಸಮಾಧಾನ ಹೇಳಿಸಿಕೊಂಡು ಹೋಗುತ್ತಿದ್ದರು. ಎಂಥ ಧಾರಾಳ ಜನ!

ಜುಲೈ ಕೊನೆಗೆ ಬಲಗಡೆಯ ಸ್ತನ ತೆಗೆದರು. ಬಲಗೈ ಭುಜದ ಮಟ್ಟಕ್ಕೂ ಏಳಲಿಲ್ಲ. ಗೋಡೆಯ ಮೇಲೆ ಬೆರಳಿಟ್ಟು ದಿನಕ್ಕಿಷ್ಟು ಮೇಲೆ ಹತ್ತಿಸಬೇಕು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಜೂರಾಕನ್‌ಗೆ ಗೋಡೆ ಒಗ್ಗಲಿಲ್ಲ. ಅಂಗಳಕ್ಕೆ ಹೋಗಿ ಕುದುರೆಯ ಪಕ್ಕೆಯ ಮೇಲೆ ಬೆರಳಿಟ್ಟು ಅಲ್ಲಿಂದ ಹತ್ತಿಸತೊಡಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಕುದುರೆ ಹುಲ್ಲು ಜಗಿಯುತ್ತ ನಿಂತಿರುತ್ತಿತ್ತು. ಈ ಹೆಂಗಸಿನ ಧೈರ್ಯದಲ್ಲಿ ಕಾಲು ಪಾಲು ತನಗಿದ್ದರೆ ಸಾಕಿತ್ತು ಎಂದು ಮೇರಿಮ್ ಅಂದುಕೊಳ್ಳುತ್ತಿದ್ದಳು.

"ಈಗ ಹೇಗಿದೆ ಅತ್ತಿಗೆ? ಕೊಬ್ಬಿದೆಯಾ?" ಸಾಪಾರ್ಬೇಕ್ ಬೇಲಿಯಾಚೆಯಿಂದ ಕೇಳುತ್ತಿದ್ದ.

"ಅಯಾಲಿನ ತನಕ ಕೈ ಹೋಗಲಿ, ಹೇಳ್ತೀನಿ. ಮದುಮಗಳಿಗೇನು ಅಷ್ಟು ಅವಸರ?"

ಕುದುರೆಯ ಹೊಟ್ಟೆ ನಗಾರಿಯಂತಾಗಿತ್ತು. ಆದರೆ ಜೂರಾಕನ್ "ಆಯ್ತು" ಅನ್ನದೆ ಕಡಿದು, ಆಮೇಲೆ ಜನರ ಬಾಯಿಗೆ ಬೀಳುವವರು ಯಾರು?

ನವೆಂಬರಿನಲ್ಲಿ, ಊರೆಲ್ಲ ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯುವ ಹೊತ್ತಿಗೆ, ರೋಗದ ಗುರುತು ಎಲ್ಲೂ ಇಲ್ಲವೆಂದು ರಿಪೋರ್ಟು ಬಂತು. ಸಾಪಾರ್ಬೇಕ್ ಗೇಟಿನ ಕಂಬ ತಬ್ಬಿಕೊಂಡು ಗೊಳೋ ಎಂದು ಅತ್ತ. ಸಾವಿಗೆಂದು ಕೂಡಿಟ್ಟಿದ್ದ ಅಳು ವ್ಯರ್ಥವಾಗಬಾರದಲ್ಲ. ಆದರೆ ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಅದನ್ನು ನೋಡಿ ಮೇರಿಮ್‌ಗೆ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ಮರುದಿನ ಜೂರಾಕನ್ ಬಲಗೈ ಎತ್ತಿ ಅಯಾಲಿನ ಕೆಳಗೆ ತೂರಿಸಿದಳು. "ಆಯ್ತು. ಕಡಿಸು."

ಅವಳು ಗುಣವಾದ ಸಂತೋಷಕ್ಕೆ ಊರೆಲ್ಲ ಉಂಡಿತು. ಕೊಬ್ಬು ನಾಲ್ಕು ಬೆರಳು ದಪ್ಪವಿತ್ತು. ತನ್ನ ಸಾವಿನ ಕುದುರೆಯ ಪಕ್ಕೆಮಾಂಸವನ್ನು ಜೂರಾಕನ್ ಹಿರಿಯರು ಕೂರುವ ಮೇಲಿನ ಸಾಲಿನಲ್ಲಿ ಕೂತು ಎರಡು ಸಲ ಹಾಕಿಸಿಕೊಂಡಳು.

"ದೊಡ್ಡಮ್ಮ, ನಿಜ ಹೇಳು. ಇದು ಯಾವಾಗ ಕೊಬ್ಬಿತ್ತು?"

"ಆಪರೇಷನ್‌ಗೆ ಮುಂಚೇನೇ ಕಣೇ. ಆದ್ರೆ ನನ್ನ ಬಾಯಿಂದ 'ಆಯ್ತು' ಅಂತ ಹೇಳೋಕೆ ಧೈರ್ಯ ಬರಲಿಲ್ಲ."

"ನಿನಗೂ ಹೆದರಿಕೆ ಇತ್ತಾ?"

"ಇತ್ತಾ ಏನು, ಈಗಲೂ ಇದೆ. ಆರು ತಿಂಗಳಿಗೆ ಮತ್ತೆ ಬಾ ಅಂದಿದಾರೆ." ಜೂರಾಕನ್ ಬೆರಳು ನೆಕ್ಕಿಕೊಂಡಳು. "ನಿಮ್ಮಪ್ಪನಿಗೆ ಹೇಳು, ಇನ್ನೊಂದು ಕುದುರೆ ತಂದು ಕಟ್ಟಲಿ. ಈ ಸಲ ಚೆನ್ನಾಗಿ ಬಡಕಲಾಗಿರೋದನ್ನ ನೋಡಿ ತರಲಿ."